ಆಕಾಶ್ ಕ್ಷಿಪಣಿಯ ದಮ್ಮು

ಶತ್ರು ವಿಮಾನ 20 ಕಿಲೋಮೀಟರ್ ದೂರದಲ್ಲಿದೆ ಎನ್ನಿ. ಸೆಕೆಂಡಿಗೆ ಸುಮಾರು 800 ಮೀಟರ್ ಹಾರುವ ಕ್ಷಿಪಣಿಗೂ ಅಲ್ಲಿ ಮುಟ್ಟಲು 25 ಸೆಕೆಂಡು ಬೇಕು. ಅಷ್ಟರಲ್ಲಿ ವಿಮಾನ ಏಳೆಂಟು ಕಿಲೋಮೀಟರ್ ಸರಿದಿರುತ್ತದೆ. ಹಾಗಾಗಿ ಗುರಿಯಿಡಬೇಕಾದದ್ದು ವಿಮಾನ ಈಗಿರುವ ಜಾಗಕ್ಕಲ್ಲ, ಆಗ ಇರಲಿರುವ ಜಾಗಕ್ಕೆ. ನಡುವೆ ಪೈಲಟ್ ದಿಕ್ಕು ಬದಲಿಸಿದನೋ, ಲೆಕ್ಕ ಮತ್ತೆ ಮೊದಲಿನಿಂದ, ಕ್ಷಿಪಣಿಯೂ ಹೊರಳಬೇಕು.

ಕಷ್ಟವಿರುವುದು ಈ ಹೊರಳಾಟದಲ್ಲೇ. ಎಷ್ಟೋ ಕ್ಷಿಪಣಿಗಳ ಘನ ಇಂಧನ ಕೆಲವೇ ಸೆಕೆಂಡುಗಳಲ್ಲಿ ಉರಿದು ಮುಗಿಯುತ್ತದೆ. ಆಮೇಲಿನ ಹಾರಾಟವೆಲ್ಲ ಗಳಿಸಿಟ್ಟ ವೇಗದ ಮೇಲೆ. ಪ್ರತಿ ತಿರುವಿಗೂ ಅದು ಸೋರುತ್ತದೆ. ದಮ್ಮು ಮುಗಿಯುತ್ತ ಬಂದ ಕಬಡ್ಡಿ ಆಟಗಾರನ ಸ್ಥಿತಿ.

1983ರಲ್ಲಿ ಶುರುವಾದ ನಮ್ಮ ಕ್ಷಿಪಣಿ ಕಾರ್ಯಕ್ರಮದ ಕೂಸಾದ ಆಕಾಶ್ ಇದಕ್ಕೆ ಕಂಡುಕೊಂಡ ದಾರಿ ರಾಮ್‌ಜೆಟ್ ಎಂಜಿನ್. ಸೋವಿಯತ್ ಒಕ್ಕೂಟದ ಕುಬ್ ಕ್ಷಿಪಣಿಯಲ್ಲೂ ಇದೇ ಉಪಾಯವಿತ್ತು. ಉಪಾಯ ಹಳೆಯದೆಂದ ಮಾತ್ರಕ್ಕೆ ಕೆಲಸ ಸುಲಭವೇನಲ್ಲ. ರಾಮ್‌ಜೆಟ್‌ನಲ್ಲಿ ಗಾಳಿಯನ್ನು ಒತ್ತುವ ಚಕ್ರಗಳಿಲ್ಲ. ಎದುರಿನ ಗಾಳಿ ನುಗ್ಗುವ ರಭಸಕ್ಕೇ ಒತ್ತಡ ಹುಟ್ಟಬೇಕು; ಅಂದರೆ ನಿಂತಲ್ಲಿಂದ ಅದು ಹೊರಡಲಾರದು. ಅದಕ್ಕೇ ಮೊದಲ ನಾಲ್ಕೈದು ಸೆಕೆಂಡು ರಾಕೆಟ್ ನೂಕುತ್ತದೆ. ಅದು ಉರಿದು ಖಾಲಿಯಾದ ಕೋಣೆಯೇ ರಾಮ್‌ಜೆಟ್‌ನ ಒಲೆಯಾಗುತ್ತದೆ! ಬದಿಯ ನಾಲ್ಕು ಕೊಳವೆಗಳಿಂದ ಗಾಳಿ ಒಳಗೆ ಬರುತ್ತದೆ. ಆಮ್ಲಜನಕ ಹೊತ್ತೊಯ್ಯುವ ಭಾರ ತಪ್ಪಿತು, ಗುರಿ ಮುಟ್ಟುವವರೆಗೂ ನೂಕುಬಲ ಉಳಿಯಿತು. ಇಡೀ ಕ್ಷಿಪಣಿಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾಗುವ ಜಾಣತನವಿದು.

ಆಕಾಶ್‌ನ ಕಣ್ಣು ಮಾತ್ರ ನೆಲದ ಮೇಲಿದೆ. ಡಿಆರ್‌ಡಿಒದ ಬೆಂಗಳೂರು ಪ್ರಯೋಗಾಲಯ ರೂಪಿಸಿದ ರಾಜೇಂದ್ರ ರಾಡಾರ್ ಆಂಟೆನಾವನ್ನು ಹೊರಳಿಸದೆ, ವಿದ್ಯುನ್ಮಾನದಿಂದಲೇ ಕಿರಣದ ದಿಕ್ಕು ಬದಲಿಸುತ್ತದೆ. ವಿಮಾನವನ್ನೂ ಕ್ಷಿಪಣಿಯನ್ನೂ ಒಟ್ಟಿಗೆ ಗಮನಿಸುತ್ತ, ಎಷ್ಟು ಹೊರಳಬೇಕೆಂದು ರೇಡಿಯೋ ಮೂಲಕ ತಿಳಿಸುತ್ತಿರುತ್ತದೆ. ಡಿಕ್ಕಿಯೇ ಹೊಡೆಯಬೇಕೆಂದಿಲ್ಲ, ವಿಮಾನ ಹತ್ತಿರವಾದೊಡನೆ ಸಿಡಿತಲೆ ತಾನೇ ಸ್ಫೋಟಿಸುತ್ತದೆ, ಉಳಿದದ್ದನ್ನು ಚೂರುಗಳು ಮಾಡುತ್ತವೆ. ಈ ಏರ್ಪಾಡಿನಲ್ಲಿ ಒಂದು ದೌರ್ಬಲ್ಯವಿದೆ: ರಾಡಾರ್ ಕೆಟ್ಟರೆ ಕ್ಷಿಪಣಿ ಕುರುಡು. ಮುಂದೆ ಬಂದ ಆಕಾಶ್ ಪ್ರೈಮ್‌ಗೆ ಮೂತಿಯಲ್ಲೇ ಗುರಿ ಹುಡುಕುವ ಸಾಧನ ಕೂರಿಸಿದ್ದಾರೆ.

ಭೂಸೇನೆಗೆ ಆಕಾಶ್ ಸೇರಿದ್ದು 2015ರಲ್ಲಿ. ಮೂರು ದಶಕ ಹಿಡಿದದ್ದು ಅತಿಯಾಯಿತೆಂಬ ಟೀಕೆ ನ್ಯಾಯವಾದದ್ದೇ. ಆದರೆ 2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ವೇಳೆ ಗಡಿಯಾಚೆಯ ದಾಳಿಗಳನ್ನು ತಡೆದ ವಾಯುರಕ್ಷಣಾ ವ್ಯವಸ್ಥೆಗಳ ಸಾಲಿನಲ್ಲಿ ಅದೂ ಇತ್ತು.