ಮುಳುಗುವ ವಿಮಾನ ಕಂಪನಿಯಲ್ಲಿ ಯಾರನ್ನು ಉಳಿಸಬೇಕು?

ನಮ್ಮ ದೊಡ್ಡಪ್ಪನ ಮಗ ಒಂದು ಖಾಸಗಿ ವಿಮಾನ ಕಂಪನಿಯ ಚೆಕ್-ಇನ್ ಕೌಂಟರ್‌ನಲ್ಲಿದ್ದ. ಕಂಪನಿಯ ಹೆಸರು ಬೇಡ, ಈಗ ಅದು ಇಲ್ಲ. ಅವನು ಯೂನಿಫಾರ್ಮ್ ಹಾಕಿಕೊಂಡು ಹೊರಟರೆ ಇಡೀ ಬೀದಿ ನೋಡ್ತಿತ್ತು. ಮನೆಯ ಮದುವೆ, ಮುಂಜಿ ಯಾವುದಕ್ಕೆ ಬಂದರೂ ನೆಂಟರು ಕೇಳ್ತಿದ್ದದ್ದು ಒಂದೇ ಪ್ರಶ್ನೆ: "ಕಡಿಮೆ ರೇಟಲ್ಲಿ ಟಿಕೆಟ್ ಸಿಗತ್ತೇನೋ?"

ಆಮೇಲೆ ಸಂಬಳ ಒಂದು ವಾರ ತಡವಾಯ್ತು. ನಂತರ ಒಂದು ತಿಂಗಳು. 'ಹೊಸ ಹೂಡಿಕೆದಾರರು ಬರುತ್ತಿದ್ದಾರೆ, ಧೈರ್ಯವಾಗಿರಿ' ಅಂತ ಇಮೇಲ್‌ಗಳು ಬಂದವು, ಹೂಡಿಕೆದಾರರು ಬರಲಿಲ್ಲ. ಐದು ತಿಂಗಳ ಸಂಬಳ ಬಾಕಿ ಇರುವಾಗಲೇ ವಿಮಾನಗಳು ನಿಂತವು. ಗೃಹಸಾಲದ ಕಂತು ಕಟ್ಟೋಕೆ ಅತ್ತಿಗೆಯ ಬಳೆಗಳು ಅಡವಿಗೆ ಹೋದವು.

ಆ ದಿನಗಳಲ್ಲೇ ಒಂದು ಹಬ್ಬದ ಊಟಕ್ಕೆ ಕೂತಾಗ ನಾನು ದೊಡ್ಡದಾಗಿ ಭಾಷಣ ಬಿಗಿದೆ. ನಷ್ಟ ಮಾಡೋ ಕಂಪನಿ ಮುಚ್ಚಲೇಬೇಕು, ಜನರ ತೆರಿಗೆ ದುಡ್ಡಲ್ಲಿ ಯಾಕೆ ಸಾಕಬೇಕು, ಇತ್ಯಾದಿ. ಅಣ್ಣ ತಲೆ ಎತ್ತಲಿಲ್ಲ. ಅನ್ನ ಕಲಸುತ್ತಾ ಹೇಳಿದ: "ಮುಚ್ಚಲಿ ಬಿಡು. ನಾನು ಐದು ತಿಂಗಳು ದುಡಿದಿದ್ದೀನಲ್ಲ, ಅದು ಎಲ್ಲಿ ಹೋಯ್ತು?"

ಆ ಪ್ರಶ್ನೆಗೆ ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಸರ್ಕಾರಿ ವಿಮಾನ ಕಂಪನಿಯನ್ನು ಉಳಿಸಬೇಕಾ, ಬಿಡಬೇಕಾ ಅನ್ನೋ ಚರ್ಚೆ ಬಂದಾಗಲೆಲ್ಲ ಅದೇ ನೆನಪಾಗುತ್ತೆ.

ಉಳಿಸಿದ್ದಕ್ಕೆ ಬಿದ್ದ ಬಿಲ್

ಏರ್ ಇಂಡಿಯಾ ಕತೆ ನಿಮಗೆ ಗೊತ್ತೇ ಇದೆ. 1932ರಲ್ಲಿ ಜೆ.ಆರ್.ಡಿ. ಟಾಟಾ ಶುರು ಮಾಡಿದ ಕಂಪನಿ 1953ರಲ್ಲಿ ಸರ್ಕಾರದ್ದಾಯಿತು. 2007ರಲ್ಲಿ ಇಂಡಿಯನ್ ಏರ್‌ಲೈನ್ಸ್ ಜತೆ ವಿಲೀನವಾಯಿತು. ಅಲ್ಲಿಂದ ಮುಂದೆ ನಷ್ಟ ಬಿಟ್ಟು ಬೇರೇನೂ ಕಾಣಲಿಲ್ಲ. 2012ರಲ್ಲಿ ಸುಮಾರು 30 ಸಾವಿರ ಕೋಟಿ ರೂಪಾಯಿಯ ಪುನಶ್ಚೇತನ ಯೋಜನೆ ಬಂತು. 2018ರಲ್ಲಿ ಶೇ. 76ರಷ್ಟು ಪಾಲು ಮಾರೋಕೆ ಹೊರಟಾಗ ಒಬ್ಬರೂ ಬಿಡ್ ಹಾಕಲಿಲ್ಲ. ಕೊನೆಗೆ 2021ರ ಅಕ್ಟೋಬರ್‌ನಲ್ಲಿ ಟಾಟಾ ಗುಂಪಿನ 18,000 ಕೋಟಿಯ ಬಿಡ್ ಗೆದ್ದಿತು. ಅದರಲ್ಲಿ ನಗದು 2,700 ಕೋಟಿ ಮಾತ್ರ. ಉಳಿದ 15,300 ಕೋಟಿ ಅಂದರೆ ಟಾಟಾ ಹೊತ್ತುಕೊಂಡ ಸಾಲ.

ಕಂಪನಿಯ ಒಟ್ಟು ಸಾಲ ಆಗ 61,562 ಕೋಟಿ ಇತ್ತು. ಮಿಕ್ಕ 46 ಸಾವಿರ ಕೋಟಿ ಸರ್ಕಾರದ ಹೆಗಲಿಗೇ ಬಂತು. ಅದಕ್ಕೆ ಮೊದಲೇ, 2009-10ರಿಂದ, ಸರ್ಕಾರ ನಗದಾಗಿ ಕೊಟ್ಟಿದ್ದು 54 ಸಾವಿರ ಕೋಟಿಗೂ ಹೆಚ್ಚು. ಎರಡನ್ನೂ ಕೂಡಿಸಿ: ಸುಮಾರು ಒಂದು ಲಕ್ಷ ಕೋಟಿ. ಸರ್ಕಾರದ ಬಳಿ ಉಳಿದ ಜಮೀನು, ಕಟ್ಟಡಗಳಿಂದ ಒಂದಿಷ್ಟು ವಾಪಸ್ ಬರಬಹುದು. ಆದರೂ 140 ಕೋಟಿ ಜನರಿಗೆ ಹಂಚಿದರೆ ತಲೆಗೆ 700 ರೂಪಾಯಿ ಮೇಲೆ. ವಿಮಾನವನ್ನು ಆಕಾಶದಲ್ಲಿ ಮಾತ್ರ ನೋಡಿರುವ ನಮ್ಮಜ್ಜಿಯ ಪಾಲೂ ಅದರಲ್ಲಿದೆ.

ಬಿಟ್ಟುಬಿಟ್ಟರೆ ಬಿಟ್ಟಿಯಾ?

ಹಾಗಾದ್ರೆ ಮುಳುಗಲಿ ಅಂತ ಬಿಟ್ಟರೆ ಖರ್ಚಿಲ್ವಾ? ನಮ್ಮ ಬೆಂಗಳೂರಿನ ಕಿಂಗ್‌ಫಿಶರ್ ನೋಡಿ. 2005ರಲ್ಲಿ ಹಾರಾಟ ಶುರು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಕಟ್ಟಿದ ಏರ್ ಡೆಕ್ಕನ್ ಕೂಡ ಅದರ ಹೊಟ್ಟೆ ಸೇರಿತು. ಒಂದು ವರ್ಷವೂ ಲಾಭ ಕಾಣದೆ 2012ರ ಅಕ್ಟೋಬರ್‌ನಲ್ಲಿ ನಿಂತಿತು. ಸಾಲ ಕೊಟ್ಟವರಲ್ಲಿ ಎಸ್‌ಬಿಐ ಮುಂಚೂಣಿಯಲ್ಲಿದ್ದ ಬ್ಯಾಂಕ್‌ಗಳ ಗುಂಪು, ಅದರಲ್ಲಿ ಬಹುಪಾಲು ಸಾರ್ವಜನಿಕ ಬ್ಯಾಂಕ್‌ಗಳೇ. ಅಡಮಾನ ಇಟ್ಟಿದ್ದರಲ್ಲಿ 'ಕಿಂಗ್‌ಫಿಶರ್ ಏರ್‌ಲೈನ್ಸ್' ಅನ್ನೋ ಬ್ರಾಂಡ್ ಕೂಡ ಇತ್ತು. ಹಾರಾಟವೇ ನಿಂತ ಕಂಪನಿಯ ಹೆಸರನ್ನು ಹರಾಜಿಗೆ ಇಟ್ಟಾಗ ಕೊಳ್ಳುವವರು ಬರಲಿಲ್ಲ.

2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಿತು. ಐದು ವರ್ಷ ಪುನಶ್ಚೇತನದ ಮಾತು ನಡೆದು, 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದರ ಆಸ್ತಿ ಮಾರಿ ಮುಗಿಸಿ ಅಂತ ಆದೇಶಿಸಿತು.

ಇಲ್ಲೊಂದು ವಿಷಯ ತಿಳಿದಿರಬೇಕು. ದಿವಾಳಿ ಕಾನೂನಿನ ಹಂಚಿಕೆ ಸಾಲಿನಲ್ಲಿ ನೌಕರರಿಗೆ ಒಳ್ಳೆ ಜಾಗವೇ ಇದೆ. ಕಾರ್ಮಿಕರ 24 ತಿಂಗಳ ಬಾಕಿಗೆ ಅಡಮಾನ ಇಟ್ಟುಕೊಂಡ ಬ್ಯಾಂಕ್‌ಗಳ ಸಮಾನ ಸ್ಥಾನ, ಇತರ ನೌಕರರ 12 ತಿಂಗಳ ಬಾಕಿ ಅದರ ನಂತರ. ಟಿಕೆಟ್ ರೀಫಂಡ್‌ಗೆ ಕಾಯೋ ಪ್ರಯಾಣಿಕರು ಸಾಲಿನ ತೀರಾ ಹಿಂದೆ. ಆದರೆ ಹಂಚೋಕೆ ಏನಾದ್ರೂ ಇರಬೇಕಲ್ಲ? ನಮ್ಮಲ್ಲಿ ಬಹುತೇಕ ವಿಮಾನಗಳು ಬಾಡಿಗೆಯವು. ಕಂಪನಿ ಬಿದ್ದ ಕೂಡಲೇ ಮಾಲೀಕರು ಬಂದು ವಾಪಸ್ ಕೇಳ್ತಾರೆ. ಇಂಧನ ಉರಿದು ಹೋಗಿರುತ್ತೆ. ಅಣ್ಣನ ಐದು ತಿಂಗಳು ಹೋಗಿದ್ದು ಹೀಗೆ.

'ಕಷ್ಟಕಾಲಕ್ಕೆ ಬೇಕು' ಅನ್ನೋ ಮಾತು

ಸರ್ಕಾರಿ ವಿಮಾನ ಬೇಕು ಅನ್ನೋರ ಬಲವಾದ ವಾದ ಇದು. ಸುಳ್ಳೂ ಅಲ್ಲ. 1990ರಲ್ಲಿ ಕುವೈತ್ ಮೇಲೆ ಇರಾಕ್ ದಾಳಿ ಮಾಡಿದಾಗ ಏರ್ ಇಂಡಿಯಾ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಅಮ್ಮಾನ್‌ನಿಂದ ಮುಂಬೈಗೆ ಕರೆತಂದಿತು. 2020ರಲ್ಲಿ ವುಹಾನ್‌ಗೆ ಹೋಗಿ ಬಂದದ್ದೂ ಅದೇ.

ಆದರೆ 2022ರ ಜನವರಿ 27ಕ್ಕೆ ಏರ್ ಇಂಡಿಯಾ ಟಾಟಾ ಕೈಗೆ ಹೋಯ್ತು. ಸರಿಯಾಗಿ ಒಂದು ತಿಂಗಳಲ್ಲಿ ಉಕ್ರೇನ್ ಯುದ್ಧ. ಆಪರೇಷನ್ ಗಂಗಾದಲ್ಲಿ ಖಾಸಗಿ ವಿಮಾನಗಳು, ವಾಯುಪಡೆಯ ವಿಮಾನಗಳು ಸೇರಿಯೇ ವಿದ್ಯಾರ್ಥಿಗಳನ್ನು ಕರೆತಂದವು, ನಮ್ಮ ರಾಜ್ಯದ ಮಕ್ಕಳನ್ನೂ ಸೇರಿಸಿ. ಸರ್ಕಾರಕ್ಕೆ ಮನಸ್ಸಿದ್ದರೆ ಅಗತ್ಯ ಬಿದ್ದಾಗ ವಿಮಾನ ಗೊತ್ತುಮಾಡಿಕೊಳ್ಳಬಹುದು. ವರ್ಷಕ್ಕೊಮ್ಮೆ ಜಾತ್ರೆಗೆ ಹೋಗೋಕೆ ಯಾರೂ ಬಸ್ಸು ಕೊಂಡು ಮನೆ ಮುಂದೆ ನಿಲ್ಲಿಸಲ್ಲ.

ಸಣ್ಣ ಊರುಗಳ ವಿಷಯವೂ ಹಾಗೇ. ಉಡಾನ್ ಯೋಜನೆಯಲ್ಲಿ ಸರ್ಕಾರ ಒಂದು ಮಾರ್ಗಕ್ಕೆ ಬಿಡ್ ಕರೆದು, ನಷ್ಟದ ಪಾಲನ್ನು ತುಂಬಿಕೊಡುತ್ತೆ. ಬೀದರ್‌ಗೆ ವಿಮಾನ ಬಂದಿದ್ದು ಹಾಗೆ. ಮಾರ್ಗಕ್ಕೆ ಎಷ್ಟು ಕೊಟ್ಟೆವು ಅಂತ ಲೆಕ್ಕ ಸಿಗುತ್ತೆ. ಇಡೀ ಕಂಪನಿಗೆ ಸುರಿದರೆ ಲೆಕ್ಕ ಕೇಳೋದೇ ಕಷ್ಟ.

ಜ್ವರವಾ, ಹಳೇ ಕಾಯಿಲೆಯಾ?

ಯಾವತ್ತೂ ಕೈ ಹಿಡಿಯಬಾರದು ಅಂತ ನಾನು ಹೇಳ್ತಿಲ್ಲ. 2020ರಲ್ಲಿ ಕೋವಿಡ್‌ನಿಂದ ನೆಲ ಹಿಡಿದ ಲುಫ್ತಾನ್ಸಾಗೆ ಜರ್ಮನಿ 900 ಕೋಟಿ ಯೂರೊ ನೆರವು ಘೋಷಿಸಿತು. ಬದಲಿಗೆ ಶೇ. 20ರಷ್ಟು ಪಾಲು ತಗೊಂಡಿತು, ಡಿವಿಡೆಂಡ್ ಕೊಡಬಾರದು ಅಂತ ಷರತ್ತು ಹಾಕಿತು. 2022ರಲ್ಲಿ ಆ ಷೇರುಗಳನ್ನು ಲಾಭಕ್ಕೇ ಮಾರಿ ಹೊರಬಂತು. ಇಟಲಿ ಮಾತ್ರ ಅಲಿಟಾಲಿಯಾಗೆ ದಶಕಗಟ್ಟಲೆ ದುಡ್ಡು ಸುರಿದು, 2021ರಲ್ಲಿ ಕೊನೆಗೂ ಬಾಗಿಲು ಹಾಕಿತು. ಮೊದಲನೆಯದು ಗಟ್ಟಿ ದೇಹಕ್ಕೆ ಬಂದ ಜ್ವರ, ಔಷಧಿ ಕೊಟ್ಟರೆ ಏಳುತ್ತೆ. ಎರಡನೆಯದು ಹಳೇ ಕಾಯಿಲೆ. ಏರ್ ಇಂಡಿಯಾ ಎರಡನೇ ಸಾಲಿಗೆ ಸೇರಿದ್ದು. 2007ರ ಸುಮಾರಿಗೇ ಮಾರಿದ್ದರೆ ಒಳ್ಳೆ ಬೆಲೆಯೂ ಬರ್ತಿತ್ತೇನೋ ಅಂತ ನನಗೆ ಈಗಲೂ ಅನ್ಸುತ್ತೆ.

ಅಣ್ಣನಿಗೆ ಉತ್ತರ

2019ರಲ್ಲಿ ಥಾಮಸ್ ಕುಕ್ ಮುಳುಗಿದಾಗ ಬ್ರಿಟನ್ ಸರ್ಕಾರ ಕಂಪನಿಗೆ ದುಡ್ಡು ಕೊಡಲಿಲ್ಲ. ಆದರೆ ಹೊರದೇಶಗಳಲ್ಲಿ ಸಿಕ್ಕಿಕೊಂಡಿದ್ದ ಸುಮಾರು ಒಂದೂವರೆ ಲಕ್ಷ ಜನರನ್ನು ವಿಮಾನ ಗೊತ್ತುಮಾಡಿ ಮನೆ ಮುಟ್ಟಿಸಿತು. ಜರ್ಮನಿಯಲ್ಲಿ ಯಾವುದೇ ಕಂಪನಿ ದಿವಾಳಿಯಾದರೂ ನೌಕರರಿಗೆ ಮೂರು ತಿಂಗಳವರೆಗಿನ ಬಾಕಿ ಸಂಬಳ ಒಂದು ನಿಧಿಯಿಂದ ಸಿಗುತ್ತೆ. ಆ ನಿಧಿಗೆ ಮಾಲೀಕರೆಲ್ಲ ಒಂದಿಷ್ಟು ಕಟ್ಟುತ್ತಿರುತ್ತಾರೆ.

ನಮ್ಮಲ್ಲೂ ಪ್ರತಿ ಟಿಕೆಟ್‌ಗೆ ಕೆಲವೇ ರೂಪಾಯಿ ಎತ್ತಿಟ್ಟು ಇಂಥ ನಿಧಿ ಮಾಡಬಹುದು. ಏರ್ ಇಂಡಿಯಾ ಮಾರುವಾಗ ಒಂದು ವರ್ಷ ಯಾರನ್ನೂ ತೆಗೆಯಬಾರದು, ಎರಡನೇ ವರ್ಷ ತೆಗೆಯಬೇಕಾದರೆ ಸ್ವಯಂ ನಿವೃತ್ತಿ ಸೌಲಭ್ಯ ಕೊಡಬೇಕು ಅಂತ ಷರತ್ತು ಇತ್ತು. ಸರ್ಕಾರಿ ನೌಕರರಿಗೆ ಸಿಕ್ಕ ಆ ಕಾಳಜಿಯ ಕಾಲು ಭಾಗವೂ ಖಾಸಗಿ ಕಂಪನಿಯವರಿಗೆ ಸಿಗಲಿಲ್ಲ.

ಈಗ ಕೇಳಿದ್ರೂ ನನ್ನ ಮಾತು ಅದೇ: ನಡೆಸೋಕಾಗದ ಕಂಪನಿ ಮುಚ್ಚಲಿ. ಆದರೆ ಮುಚ್ಚುವ ದಿನದವರೆಗೆ ದುಡಿದವರ ಸಂಬಳ, ಟಿಕೆಟ್ ತಗೊಂಡವರ ದುಡ್ಡು ಮೊದಲೇ ಎತ್ತಿಟ್ಟಿರಬೇಕು. ಅಣ್ಣ ಈಗ ಒಂದು ಕೊರಿಯರ್ ಗೋದಾಮಿನಲ್ಲಿ ಶಿಫ್ಟ್ ಮ್ಯಾನೇಜರ್. ಅತ್ತಿಗೆಯ ಬಳೆಗಳು ಬಿಡಿಸಿಕೊಂಡು ಬಂದಾಯ್ತು. ಐದು ತಿಂಗಳ ಸಂಬಳ ಇನ್ನೂ ಬಂದಿಲ್ಲ.