ಹಲ್ಲು ಮುರಿದದ್ದು ಗಾಡಿಯದು, ನೋವು ಓನರ್‌ದು!

ಹಲಸೂರಿನ ಸೋಮೇಶ್ವರನ ಗುಡಿ ದಾಟಿ ಪೂರ್ವಕ್ಕೆ ಹೊರಟರೆ, ಇಂದಿರಾನಗರ ಸಿಗುವ ಮೊದಲು ಜೋಗುಪಾಳ್ಯ. ಹತ್ತಿರದಲ್ಲೇ 2011ರಿಂದ ಮೆಟ್ರೋ ರೈಲು ಓಡುತ್ತಿದೆ. ಆದರೆ ಈ ಭಾಗದ ಹಳೇ ಗುಣ ದಂಡಿನದು. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಹೂಡಿದಾಗಿನಿಂದ ಹಲಸೂರಿಗೂ ಸೈನ್ಯಕ್ಕೂ ನಂಟು ಬಿಟ್ಟಿಲ್ಲ. ಕೆರೆಯ ದಂಡೆಯಲ್ಲಿ ಮದ್ರಾಸ್ ಸ್ಯಾಪರ್ಸ್ ಕೇಂದ್ರ ಇದೆ, ಹಲಸೂರಿನಲ್ಲೇ ಸೈನ್ಯದ 515 ಬೇಸ್ ವರ್ಕ್‌ಶಾಪ್ ಇದೆ. ಹೀಗಾಗಿ ನಾಲ್ಕೂ ಚಕ್ರಕ್ಕೆ ಎಳೆತ ಇರುವ ಗಾಡಿ ಅಂದರೆ ಇಲ್ಲಿನ ಜನಕ್ಕೆ ಹೊಸದೇನಲ್ಲ. ಜಬಲ್‌ಪುರದಲ್ಲಿ 1959ರಿಂದ ತಯಾರಾದ ಶಕ್ತಿಮಾನ್ ಲಾರಿ, ಅದೇ ಊರಿನ ಜೋಂಗಾ, ಮಹೀಂದ್ರ ಜೀಪು, ಎಲ್ಲವನ್ನೂ ಈ ರಸ್ತೆಗಳು ಕಂಡಿವೆ.

ಸೈನ್ಯ ಸಾಕು ಅಂತ ಕೈಬಿಟ್ಟ ಗಾಡಿ ಹರಾಜಾಗಿ ಖಾಸಗಿಯವರ ಕೈ ಸೇರುತ್ತದೆ. ಕಾಫಿ ತೋಟಕ್ಕೆ ಒಂದು, ಕಲ್ಲು ಕ್ವಾರಿಗೆ ಒಂದು, ಶೋಕಿಗೆ ಒಂದು. ಅಲ್ಲಿಂದ ಶುರು ಗೋಳು. ಇಂಜಿನ್ ಕೆಟ್ಟರೆ ಹತ್ತು ಜನ ರಿಪೇರಿಗೆ ಸಿಗುತ್ತಾರೆ. ಬ್ರೇಕು ಕೆಟ್ಟರೆ ಇಪ್ಪತ್ತು ಜನ. ಮುಂದಿನ ಡಿಫರೆನ್ಶಿಯಲ್ ಒಡೆದರೆ ಮಾತ್ರ ಗಾಡಿ ಷೆಡ್ಡಿನಲ್ಲಿ ವಾರಗಟ್ಟಲೆ ಕೂರುತ್ತದೆ. ರಿಪೇರಿಯಾಗಿ ಹೊರಗೆ ಹೋದದ್ದು ಎಷ್ಟೋ ಸಲ ಎರಡೇ ತಿಂಗಳಲ್ಲಿ ಅದೇ ಸದ್ದು ಮಾಡುತ್ತಾ ವಾಪಸು ಬರುತ್ತದೆ. "ಸಾಮಾನು ಡೂಪ್ಲಿಕೇಟು ಸಾರ್" ಅಂತ ಮೇಸ್ತ್ರಿ, "ಕೆಲಸ ಸರಿ ಇಲ್ಲ" ಅಂತ ಓನರ್. ತಪ್ಪು ಯಾರದು?

ಎತ್ತಿನ ಗಾಡಿಗೆ ಇಲ್ಲದ ತೊಂದರೆ

ಮೊದಲು ಈ ವಸ್ತು ಏನು ಅಂತ ನೋಡೋಣ. ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕವರಿಗೆ ಕೆಳಗಿನಿಂದ 'ಊಂ...' ಅಂತ ಒಂದು ರಾಗ ಕೇಳಿಸುವುದುಂಟು. ಅದು ಬರುವುದು ಹಿಂದಿನ ಎರಡು ಚಕ್ರಗಳ ನಡುವೆ ಇರುವ ಗುಂಡನೆಯ ಕಬ್ಬಿಣದ ಹೊಟ್ಟೆಯಿಂದ. ಅದರೊಳಗೆ ಇರುವುದೇ ಡಿಫರೆನ್ಶಿಯಲ್. ಆಟೋರಿಕ್ಷಾದಲ್ಲೂ ಇದರ ಮರಿ ಒಂದು ಇದೆ.

ಗಾಡಿ ತಿರುವಿನಲ್ಲಿ ಹೊರಳುವಾಗ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಎತ್ತಿನ ಗಾಡಿಗೆ ಇದು ತಲೆನೋವೇ ಅಲ್ಲ. ಅದರ ಒಂದೊಂದು ಚಕ್ರವೂ ಅಚ್ಚಿನ ಮೇಲೆ ತನ್ನ ಪಾಡಿಗೆ ಸುತ್ತುತ್ತದೆ. ಇಂಜಿನ್ನಿನಿಂದ ಎರಡು ಚಕ್ರವನ್ನೂ ಒಟ್ಟಿಗೆ ತಿರುಗಿಸಬೇಕು ಅಂದಾಗ ಸಮಸ್ಯೆ. ಉಗಿ ಗಾಡಿಗಳ ಕಾಲದಲ್ಲೇ, 1828ರಲ್ಲಿ, ಪೆಕ್ಯೂರ್ ಎಂಬ ಫ್ರೆಂಚ್ ಕುಶಲಕರ್ಮಿ ಇದಕ್ಕೆ ಪೇಟೆಂಟ್ ಪಡೆದ ಉಪಾಯವೇ ಡಿಫರೆನ್ಶಿಯಲ್. ಇಂಜಿನ್ ಕಡೆಯಿಂದ ಬರುವ ಪ್ರೊಪೆಲ್ಲರ್ ಶಾಫ್ಟಿನ ತುದಿಯಲ್ಲಿ ಚಿಕ್ಕ ಪಿನಿಯನ್. ಅದು ದೊಡ್ಡ ಕ್ರೌನ್ ಚಕ್ರವನ್ನು ತಿರುಗಿಸುತ್ತದೆ. ಕ್ರೌನ್ ಜೊತೆ ಅಂಟಿಕೊಂಡ ಪೆಟ್ಟಿಗೆಯೊಳಗೆ ನಾಲ್ಕಾರು ಚಿಕ್ಕ ಗೇರುಗಳು. ಒಂದು ಚಕ್ರ ನಿಧಾನವಾದರೆ ಆ ಗೇರುಗಳು ಹೊರಳಿ, ಉಳಿದ ಓಟವನ್ನು ಇನ್ನೊಂದಕ್ಕೆ ಹಂಚುತ್ತವೆ. ಅಣ್ಣತಮ್ಮಂದಿರ ಪಾಲು ಪಟ್ಟಿ ಇದ್ದ ಹಾಗೆ.

ಫೋರ್ ವೀಲ್ ಗಾಡಿಗೆ ಇಂಥದ್ದು ಹಿಂದೊಂದು, ಮುಂದೊಂದು. ಎರಡರ ನಡುವೆ ಟ್ರಾನ್ಸ್‌ಫರ್ ಕೇಸ್. ಲಿವರ್ ಎಳೆದರೆ ಮುಂದಿನ ಚಕ್ರಗಳಿಗೂ ಎಳೆತ ಬರುತ್ತದೆ.

ಕಾಡಿನಲ್ಲಿ ಅಲ್ಲ, ಟಾರಿನಲ್ಲಿ

ಕೊಡಚಾದ್ರಿಯ ಕಲ್ಲುದಾರಿ, ಮಡಿಕೇರಿ ಬಳಿಯ ಮಾಂದಲ್‌ಪಟ್ಟಿ ಏರು, ಇಲ್ಲೆಲ್ಲ ಜೀಪುಗಳು ಏದುಸಿರು ಬಿಡುತ್ತಾ ಹತ್ತುವುದನ್ನು ಕಂಡವರು, ಅಲ್ಲೇ ಹಲ್ಲು ಮುರಿಯುತ್ತದೆ ಅಂದುಕೊಳ್ಳುತ್ತಾರೆ. ಮುರಿಯುವುದು ಅಲ್ಲೇ ಇರಬಹುದು. ಆದರೆ ಹಲ್ಲು ಸಡಿಲವಾಗಿ, ಬಿರುಕು ಬಿಡುವುದು ಬಹಳ ಸಲ ಊರಿನ ಟಾರು ರಸ್ತೆಯಲ್ಲಿ.

ಅದು ಹೇಗೆ? ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ. ಹಳೇ ಮಾದರಿಯ ಜೀಪು, ಜೋಂಗಾಗಳಲ್ಲಿ ಲಿವರ್ ಎಳೆದ ಮೇಲೆ ಮುಂದಿನ ಶಾಫ್ಟ್, ಹಿಂದಿನ ಶಾಫ್ಟ್ ಒಂದೇ ವೇಗದಲ್ಲಿ ಓಡಲೇಬೇಕು. ಅವೆರಡರ ನಡುವೆ ಪಾಲು ಹಂಚುವ ಮೂರನೆಯ ಡಿಫರೆನ್ಶಿಯಲ್ ಇಲ್ಲ. ಕೆಸರಿನಲ್ಲಿ, ಮರಳಿನಲ್ಲಿ ಚಕ್ರ ಒಂದಿಷ್ಟು ಜಾರಿ ಆ ಬಿಗಿ ಇಳಿದುಹೋಗುತ್ತದೆ. ಒಣ ಟಾರಿನಲ್ಲಿ ಟೈರು ಜಾರುವುದಿಲ್ಲ. ಬಿಗಿ ಎಲ್ಲ ಗೇರಿನ ಹಲ್ಲಿಗೆ, ಶಾಫ್ಟಿಗೆ ಏರುತ್ತಾ ಹೋಗುತ್ತದೆ. ಹಿಂಡಿದ ಬಟ್ಟೆಯನ್ನು ಇನ್ನೂ ಹಿಂಡಿದಂತೆ. ಸ್ಟೀರಿಂಗ್ ಗಟ್ಟಿಯಾಗುವುದು, ಗಾಡಿ ತಿರುವಿನಲ್ಲಿ ಮುಗ್ಗರಿಸುವುದು, ಲಿವರ್ ವಾಪಸು ಬರದೇ ಹಟ ಹಿಡಿಯುವುದು, ಇವೇ ಅದರ ಗುರುತು. ಆಗ ಲಿವರಿಗೆ ಒದೆಯುವವರೇ ಜಾಸ್ತಿ! ನೇರವಾಗಿ ನಾಲ್ಕು ಮಾರು ರಿವರ್ಸ್ ಹೋದರೆ ಬಿಗಿ ಇಳಿದು ಲಿವರ್ ತಾನಾಗಿ ಬರುತ್ತದೆ.

ಟೈರೂ ಇದೇ ಕೆಲಸ ಮಾಡುತ್ತದೆ. ಹಿಂದೆ ಹೊಸ ಟೈರು, ಮುಂದೆ ಬೋಳು ಟೈರು ಹಾಕಿ ಫೋರ್ ವೀಲ್ ಎಳೆದರೆ, ನೇರ ರಸ್ತೆಯಲ್ಲೂ ಮುಂದಿನದಕ್ಕೂ ಹಿಂದಿನದಕ್ಕೂ ಜಗಳ.

ಮೂರನೆಯ ಶತ್ರು ನೀರು. ಗಾಡಿ ಓಡಿ ಬಿಸಿಯಾದ ಹೌಸಿಂಗ್ ಹೊಳೆಗೆ ಇಳಿದಾಗ ಒಮ್ಮೆಲೇ ತಣ್ಣಗಾಗಿ ಒಳಕ್ಕೆ ಉಸಿರೆಳೆಯುತ್ತದೆ. ಮೇಲಿನ ಬ್ರೀದರ್ ರಂಧ್ರ ಮಣ್ಣಿನಿಂದ ಮುಚ್ಚಿದ್ದರೆ, ಆಯಿಲ್ ಸೀಲ್ ಮೂಲಕ ನೀರೇ ಒಳಗೆ. ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದರೆ ಬೇರಿಂಗಿನ ಆಯುಸ್ಸು ಮುಗಿಯಿತು ಅಂತಲೇ ಲೆಕ್ಕ. ಮುಂದಿನದು ದಿನಾ ಕೆಲಸ ಮಾಡುವುದಿಲ್ಲವಲ್ಲ ಅಂತ ಅದರ ಆಯಿಲ್ ನೋಡುವವರೇ ಇಲ್ಲ.

ಮುಂದಿನದೇ ಮುರಿಯಲು ಇನ್ನೊಂದು ಗುಟ್ಟೂ ಇದೆ. ಹಳೇ ಜೀಪುಗಳ ಮುಂದಿನ ಆಕ್ಸಲ್‌ನಲ್ಲಿ ಹಾಕಿರುವುದು ಹಿಂದಿನದರ ರೀತಿಯ ಗೇರೇ. ಆದರೆ ದಿಕ್ಕು ಉಲ್ಟಾ ಆಗಿರುವುದರಿಂದ, ಗಾಡಿ ಮುಂದಕ್ಕೆ ಎಳೆಯುವಾಗ ಭಾರ ಬೀಳುವುದು ಹಲ್ಲಿನ ಬೆನ್ನಿನ ಮೇಲೆ. ಬೆನ್ನು ಆ ಭಾರಕ್ಕೆ ಮಾಡಿದ್ದಲ್ಲ.

ಗುಜರಿಯ ಆಸೆ

ಹೌಸಿಂಗ್ ಬಿಚ್ಚಿ ಮುರಿದ ಹಲ್ಲು ಕೈಗೆ ಬಂದ ಮೇಲೆ ಓನರ್ ಮುಂದೆ ಮೂರು ದಾರಿ. ಜೆ.ಸಿ. ರಸ್ತೆಯಲ್ಲಿ ಹೊಸ ಸಾಮಾನು, ಶಿವಾಜಿನಗರದ ಗುಜರಿಯಲ್ಲಿ ಹಳೇ ಸಾಮಾನು, ಅಥವಾ ಮುರಿದ ಹಲ್ಲಿಗೇ ವೆಲ್ಡಿಂಗ್.

ಮೂರನೆಯದನ್ನು ಮರೆತುಬಿಡುವುದೇ ವಾಸಿ. ಈ ಹಲ್ಲುಗಳ ಮೇಲ್ಪದರ ಮಾತ್ರ ಗಟ್ಟಿ, ಒಳಗೆ ಮೆದು. ಪೆಟ್ಟು ತಾಳಲಿ ಅಂತ ಕಾರ್ಖಾನೆಯಲ್ಲಿ ಹದ ಹಾಕಿರುತ್ತಾರೆ. ವೆಲ್ಡಿಂಗ್ ಬೆಂಕಿ ತಾಗಿದರೆ ಆ ಹದವೇ ಹೋಯಿತು. ಕಟ್ಟಿಸಿದ ಹಲ್ಲು ಮತ್ತೆ ಮುರಿಯುವುದು ಮಾತ್ರವಲ್ಲ, ಆ ಚೂರು ಗೇರುಗಳ ನಡುವೆ ಸಿಕ್ಕಿ ಮುಂದಿನ ಚಕ್ರವೇ ಹಿಡಿದುಕೊಂಡರೆ? ಹಳೇ ಮದ್ರಾಸು ರಸ್ತೆಯ ಟ್ರಾಫಿಕ್ ನಡುವೆ ಸ್ಟೀರಿಂಗ್ ಮಾತು ಕೇಳದಿದ್ದರೆ? ಪಕ್ಕದ ಸ್ಕೂಟರಿನವನು, ಬಸ್ ಸ್ಟಾಪಿನಲ್ಲಿ ನಿಂತವನು ಏನು ಪಾಪ ಮಾಡಿದ್ದ!

ಗುಜರಿ ಸಾಮಾನೆಲ್ಲ ಕೆಟ್ಟದ್ದು ಅಂತಲ್ಲ. ಹಳೇ ಗಾಡಿಗಳಿಗೆ ಎಷ್ಟೋ ಸಲ ಅದೇ ಗತಿ. ಆದರೆ ಕೊಳ್ಳುವಾಗ ಎರಡು ಎಚ್ಚರ ಬೇಕು.

ಒಂದು, ಕ್ರೌನ್ ಮತ್ತು ಪಿನಿಯನ್ ಗಂಡಹೆಂಡಿರ ಹಾಗೆ ಜೋಡಿ. ಕಾರ್ಖಾನೆಯಲ್ಲಿ ಅವೆರಡನ್ನೂ ಒಂದಕ್ಕೊಂದು ತೀಡಿ ಹೊಂದಿಸಿ, ಎರಡರ ಮೇಲೂ ಒಂದೇ ಗುರುತಿನ ನಂಬರ್ ಹಾಕಿರುತ್ತಾರೆ. ಒಂದು ಗಾಡಿಯ ಕ್ರೌನು, ಇನ್ನೊಂದು ಗಾಡಿಯ ಪಿನಿಯನ್ನು ಕೂಡಿಸಿದರೆ ಸಂಸಾರ ನಡೆಯುವುದಿಲ್ಲ.

ಎರಡು, ಹಲ್ಲಿನ ಲೆಕ್ಕ. ವಿಲ್ಲಿಸ್ ಕಂಪನಿಯ ಯುದ್ಧಕಾಲದ ಜೀಪಿನ ಕ್ರೌನಿಗೆ 39 ಹಲ್ಲು, ಪಿನಿಯನ್‌ಗೆ 8. ಆಮೇಲೆ ಬಂದ ಸಿಜೆ-3ಬಿ ಮಾದರಿಯಲ್ಲಿ 43 ಮತ್ತು 8. ನೋಡಲು ಎರಡೂ ಅಕ್ಕತಂಗಿಯರು. ಆದರೆ ಚಕ್ರ ಎಂಟು ಸುತ್ತು ತಿರುಗಲು ಒಂದರಲ್ಲಿ ಶಾಫ್ಟ್ 39 ಸುತ್ತು ಹಾಕಬೇಕು, ಇನ್ನೊಂದರಲ್ಲಿ 43. ಮುಂದೆ ಒಂದು, ಹಿಂದೆ ಒಂದು ಕೂತರೆ ಫೋರ್ ವೀಲ್ ಎಳೆದ ಕ್ಷಣದಿಂದ ಗಾಡಿ ತನ್ನನ್ನು ತಾನೇ ಹರಿದುಕೊಳ್ಳುತ್ತದೆ. ಬಿಚ್ಚಿದಾಗ ಹಲ್ಲು ಎಣಿಸಲು ಐದು ನಿಮಿಷ ಸಾಕು. ಆ ಐದು ನಿಮಿಷ ಉಳಿಸಲು ಹೋಗಿ ಸಾವಿರಾರು ರೂಪಾಯಿ ಕಳೆದುಕೊಳ್ಳುವವರಿದ್ದಾರೆ.

ಎರಡು ಹಾಳೆಯಷ್ಟು ಸಂದು

ಇನ್ನು ಕೆಲಸದ ವಿಷಯ. ಗಾಡಿಯನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಆಯಿಲ್ ಇಳಿಸಿ, ಚಕ್ರ, ಹಬ್ಬು ಬಿಚ್ಚಿ, ಆಕ್ಸಲ್ ಶಾಫ್ಟ್ ಎಳೆದು, ಹೌಸಿಂಗ್ ತೆರೆಯುವುದು ತಾಕತ್ತಿನ ಕೆಲಸ. ಅದನ್ನು ಹುಡುಗರೂ ಮಾಡುತ್ತಾರೆ. ಬೇರಿಂಗ್ ಮೇಲಿನ ಕ್ಯಾಪುಗಳಿಗೆ ಎಡ-ಬಲ ಅಂತ ಗುರುತು ಹಾಕಿಯೇ ಬಿಚ್ಚಬೇಕು, ಅದಲು ಬದಲಾದರೆ ಕೂರುವುದಿಲ್ಲ. ಮುರಿದ ಹಲ್ಲಿನ ಚೂರುಗಳನ್ನು ಆಯ್ದು, ಜೋಡಿಸಿ ನೋಡಿ, ಎಲ್ಲ ಸಿಕ್ಕಿತೇ ಅಂತ ಲೆಕ್ಕ ಹಾಕಬೇಕು. ಹೌಸಿಂಗ್ ಕೊನೆಯವರೆಗೆ ಸೀಮೆಎಣ್ಣೆ ಇಲ್ಲವೆ ಡೀಸೆಲ್‌ನಲ್ಲಿ ತೊಳೆಯಬೇಕು. ಒಳಗೆ ಉಳಿದ ಒಂದೇ ಒಂದು ಚೂರು ಹೊಸ ಗೇರನ್ನೂ ತಿಂದುಹಾಕುತ್ತದೆ.

ಅಸಲಿ ಕೆಲಸ ಶುರುವಾಗುವುದು ಜೋಡಿಸುವಾಗ. ಪಿನಿಯನ್ ಎಷ್ಟು ಆಳಕ್ಕೆ ಕೂರಬೇಕು ಎಂಬುದನ್ನು ತೆಳ್ಳನೆಯ ಶಿಮ್ ಹಾಳೆ ಹಾಕಿ, ತೆಗೆದು ಗೊತ್ತು ಮಾಡಬೇಕು. ಬೇರಿಂಗ್ ಬಿಗಿ ತೀರಾ ಹೆಚ್ಚಾದರೆ ಸುಡುತ್ತದೆ, ಕಡಿಮೆಯಾದರೆ ಪಿನಿಯನ್ ಅಲುಗಾಡುತ್ತದೆ. ಕ್ರೌನ್ ಹಲ್ಲಿಗೂ ಪಿನಿಯನ್ ಹಲ್ಲಿಗೂ ನಡುವೆ ಸ್ವಲ್ಪ ಸಂದು ಇರಬೇಕು. ಗಾಡಿಯಿಂದ ಗಾಡಿಗೆ ಬೇರೆಯಾದರೂ ಜೀಪಿನಂಥವಕ್ಕೆ ಅದು ಸುಮಾರು 5ರಿಂದ 8 ಥೌ, ಅಂದರೆ ಒಂದು ಮಿಲಿಮೀಟರಿನ ಐದನೇ ಒಂದು ಪಾಲು ಅಥವಾ ಅದಕ್ಕೂ ಕಡಿಮೆ. ನಿಮ್ಮ ಕೈಯಲ್ಲಿರುವ ಪತ್ರಿಕೆಯ ಎರಡು ಹಾಳೆ ಒತ್ತಿ ಹಿಡಿದರೆ ಎಷ್ಟು ದಪ್ಪವೋ ಸುಮಾರು ಅಷ್ಟು! ಬೆರಳಿನಲ್ಲಿ ಅಲ್ಲಾಡಿಸಿ "ಸರಿ ಇದೆ" ಅನ್ನುವಂಥ ಅಳತೆ ಅಲ್ಲ ಇದು. ಡಯಲ್ ಗೇಜ್ ಬೇಕೇ ಬೇಕು.

ಕೊನೆಗೆ ಪರೀಕ್ಷೆ. ಹಲ್ಲಿಗೆ ನೀಲಿ ಅಥವಾ ಹಳದಿ ಬಣ್ಣ ಸವರಿ ಕೈಯಲ್ಲಿ ತಿರುಗಿಸಿದರೆ, ಎಲ್ಲಿ ಉಜ್ಜುತ್ತದೆಯೋ ಅಲ್ಲಿ ಅಚ್ಚು ಬೀಳುತ್ತದೆ. ಅಚ್ಚು ಹಲ್ಲಿನ ನಡುಭಾಗದಲ್ಲಿ ಬಿದ್ದರೆ ಪಾಸು. ತುದಿಗೋ ಬುಡಕ್ಕೋ ಸರಿದಿದ್ದರೆ ಮತ್ತೆ ಬಿಚ್ಚಿ ಶಿಮ್ ಬದಲಾಯಿಸಬೇಕು. ಎರಡು ಸಲ, ಮೂರು ಸಲ, ಸರಿಯಾಗುವವರೆಗೆ. ಬೇಸರ ಪಡದ ಮೇಸ್ತ್ರಿಗೆ ಬೆಲೆ ಇರುವುದು ಇಲ್ಲೇ. ಓನರ್‌ಗೆ ಈ ಕೆಲಸ ಕಣ್ಣಿಗೆ ಕಾಣುವುದಿಲ್ಲ. "ಎರಡು ದಿನದಿಂದ ಏನ್ರೀ ಮಾಡ್ತಿದ್ದೀರಿ?" ಅಂತ ಅವಸರ ಮಾಡುತ್ತಾನೆ, ಕೂಲಿಯಲ್ಲಿ ಚೌಕಾಶಿ ಮಾಡುತ್ತಾನೆ. ಮೇಸ್ತ್ರಿ ಅಳತೆ ಬಿಟ್ಟು ಅಂದಾಜಿಗೆ ಇಳಿಯುತ್ತಾನೆ. ಎರಡು ತಿಂಗಳಿಗೆ ಗಾಡಿ ವಾಪಸು. ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇದೇ. ತಪ್ಪು ಬರೀ ಸಾಮಾನಿನದಲ್ಲ, ಅಳತೆಗೆ ಕೊಡದೇ ಹೋದ ಸಮಯದ್ದು. ಅದರಲ್ಲಿ ಇಬ್ಬರಿಗೂ ಪಾಲಿದೆ.

ಕೇಳಬೇಕಾದ ನಾಲ್ಕು ಮಾತು

ಗಾಡಿ ರಿಪೇರಿಗೆ ಬಿಡುವವರು ದುಡ್ಡು ಕೊಡುವ ಮೊದಲು ನಾಲ್ಕು ಮಾತು ಕೇಳಲಿ. ಕ್ರೌನ್-ಪಿನಿಯನ್ ನಂಬರ್ ಒಂದೇ ಇದೆಯೇ? ಹಲ್ಲಿನ ಲೆಕ್ಕ ಹಿಂದಿನದಕ್ಕೆ ಹೊಂದುತ್ತದೆಯೇ? ಗೇಜ್ ಇಟ್ಟು ಸಂದು ನೋಡಿದ್ದೀರಾ? ಬಣ್ಣ ಹಚ್ಚಿದ ಅಚ್ಚು ತೋರಿಸುತ್ತೀರಾ? ಕೆಲಸ ಬಲ್ಲವನಿಗೆ ಈ ಪ್ರಶ್ನೆ ಕೇಳಿದರೆ ಸಿಟ್ಟು ಬರುವುದಿಲ್ಲ, ಖುಷಿಯಾಗುತ್ತದೆ. ಸಿಟ್ಟು ಬಂದರೆ ಬೇರೆ ಷೆಡ್ಡು ನೋಡಿಕೊಳ್ಳುವುದು ಲೇಸು.

ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರಿಗೆ ಒಂದು ಕಿವಿಮಾತು. ಊಳಿಡುವ ಹೌಸಿಂಗಿಗೆ ಮರದ ಪುಡಿ, ಬಾಳೆಹಣ್ಣು ತುಂಬಿ ಸದ್ದಡಗಿಸಿ ಮಾರುವುದು ಬಹಳ ಹಳೇ ಚಾಲಾಕಿ. ಗಾಡಿ ತಣ್ಣಗೆ ಸದ್ದಿಲ್ಲದೆ ಓಡಿತು ಅಂತ ಹಿಗ್ಗಬೇಡಿ. ಆಯಿಲ್ ಪ್ಲಗ್ ಬಿಚ್ಚಿಸಿ, ಬೆರಳಿಗೆ ಸವರಿ ನೋಡಿ.

ದೂರದಲ್ಲಿ ಕಾಡು ದಾರಿಯಲ್ಲಿ ಮುಂದಿನದು ಒಡೆದರೆ ಗಾಬರಿ ಬೇಡ. ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಕಳಚಿ, ಎರಡೂ ಮುಂದಿನ ಹಬ್ಬಿನ ಫ್ಲ್ಯಾಂಜ್ ಬಿಚ್ಚಿ, ಮಣ್ಣು ಹೋಗದಂತೆ ಮುಚ್ಚಿದರೆ ಒಳಗಿನ ಗೇರು ತಿರುಗದೆ ನಿಲ್ಲುತ್ತದೆ. ಹಿಂದಿನ ಚಕ್ರಗಳ ಎಳೆತದ ಮೇಲೆ ನಿಧಾನವಾಗಿ ಊರು ಸೇರಬಹುದು. ರಿಪೇರಿಯಾದ ಮೇಲೆ ಮೊದಲ ದಿನಗಳಲ್ಲಿ ಭಾರ ಹೇರದೆ ಓಡಿಸಿ, ಸುಮಾರು 800 ಕಿ.ಮೀ. ಆದಾಗ ಆಯಿಲ್ ಬದಲಾಯಿಸುವುದು ಕ್ಷೇಮ.

ಇಷ್ಟೆಲ್ಲ ಆದ ಮೇಲೂ ಟಾರು ರಸ್ತೆಗೆ ಬಂದ ಕೂಡಲೇ ಲಿವರ್ ಹಿಂದಕ್ಕೆ ತಳ್ಳುವುದನ್ನು ಡ್ರೈವರ್ ಮರೆತರೆ, ಮೇಸ್ತ್ರಿಯ ಮೂರು ದಿನದ ಬೆವರು ಹಲಸೂರಿನಿಂದ ಕೆ.ಆರ್. ಪುರ ಸೇರುವಷ್ಟರಲ್ಲೇ ನೀರಿನಲ್ಲಿ ಹೋಮ!