ನೋವಿನ ಪಕ್ಕದಲ್ಲಿ ಕುಳಿತ ನಂಬಿಕೆ

ವಾಸಿಯಾಗದ ಕಾಯಿಲೆಯವರಿಗಾಗಿ ಲಂಡನ್ನಿನಲ್ಲಿ ತೆರೆದ ಒಂದು ಮನೆ ಜಗತ್ತಿನ ವೈದ್ಯಲೋಕಕ್ಕೇ ಪಾಠ ಹೇಳಿತು. ಅದರ ಬುನಾದಿಯಲ್ಲಿ ಪ್ರಾರ್ಥನೆಯೂ ಇತ್ತು, ಮಾರ್ಫಿನ್ನೂ ಇತ್ತು.

ಲಂಡನ್ನಿನ ಆಗ್ನೇಯ ಭಾಗದ ಸಿಡನ್‌ಹ್ಯಾಮ್‌ನಲ್ಲಿರುವ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್‌ನಲ್ಲಿ ಒಂದು ಸಾದಾ ಗಾಜಿನ ಕಿಟಕಿ ಇದೆ. ಅದರಲ್ಲಿ ಬಣ್ಣದ ಗಾಜಿಲ್ಲ, ಸಂತರ ಚಿತ್ರವಿಲ್ಲ. ಆದರೂ ಈ ಸಂಸ್ಥೆಯ ಕಥೆ ಶುರುವಾಗುವುದು ಅಲ್ಲಿಂದಲೇ. 1948ರ ಫೆಬ್ರುವರಿಯಲ್ಲಿ ಡೇವಿಡ್ ಟಾಸ್ಮಾ ಎಂಬ ಪೋಲೆಂಡಿನ ಯಹೂದಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ವಾರ್ಸಾದಿಂದ ಬಂದು ಹೋಟೆಲಿನಲ್ಲಿ ಊಟ ಬಡಿಸಿ ಬದುಕುತ್ತಿದ್ದ ಅವರಿಗೆ ಆಗ 40 ವರ್ಷ. ತನ್ನವರೆನ್ನುವವರು ಹತ್ತಿರದಲ್ಲಿ ಯಾರೂ ಇರಲಿಲ್ಲ. ತಾನು ಈ ಭೂಮಿಯ ಮೇಲೆ ಬಾಳಿ ಹೋದದ್ದಕ್ಕೆ ಒಂದು ಗುರುತೂ ಉಳಿಯುವುದಿಲ್ಲವಲ್ಲ ಎಂಬ ಕೊರಗು ಮೈನೋವಿನಷ್ಟೇ ಅವರನ್ನು ಹಿಂಡುತ್ತಿತ್ತು.

ಅವರ ಹಾಸಿಗೆಯ ಪಕ್ಕ ಬಂದು ಕೂರುತ್ತಿದ್ದವರು ಸಿಸಿಲಿ ಸಾಂಡರ್ಸ್. ಆಸ್ಪತ್ರೆಯಲ್ಲಿ ರೋಗಿಗಳ ಮನೆಯ ಕಷ್ಟಸುಖ ವಿಚಾರಿಸುವ ಸಮಾಜ ಕಾರ್ಯಕರ್ತೆ. ಸಾಯುವವರು ನೆಮ್ಮದಿಯಿಂದ ಇರಬಹುದಾದ ಒಂದು ಮನೆ ಬೇಕು ಎಂದು ಇಬ್ಬರೂ ಮಾತಾಡಿಕೊಂಡರು. ಟಾಸ್ಮಾ ತಮ್ಮ ಪಾಲಿನದೆಂದು 500 ಪೌಂಡ್ ಬರೆದಿಟ್ಟರು. ನೀವು ಕಟ್ಟುವ ಮನೆಯಲ್ಲಿ ನಾನೊಂದು ಕಿಟಕಿಯಾಗಿರುತ್ತೇನೆ ಎಂದರು. ಆ ಕಿಟಕಿಯ ಸುತ್ತ ಮನೆ ಏಳುವುದಕ್ಕೆ 19 ವರ್ಷ ಹಿಡಿಯಿತು.

ನರ್ಸ್, ಕಾರ್ಯಕರ್ತೆ, ಡಾಕ್ಟರ್

1918ರಲ್ಲಿ ಲಂಡನ್ ಹತ್ತಿರದ ಬಾರ್ನೆಟ್‌ನ ಸ್ಥಿತಿವಂತ ಮನೆತನದಲ್ಲಿ ಹುಟ್ಟಿದ ಸಿಸಿಲಿ ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದಾಗ ಎರಡನೇ ಮಹಾಯುದ್ಧ ಶುರುವಾಯಿತು. ಓದನ್ನು ಅರ್ಧಕ್ಕೆ ಬಿಟ್ಟು, ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ಶಾಲೆಯಲ್ಲಿ ನರ್ಸಿಂಗ್ ಕಲಿತರು. ಬೆನ್ನುನೋವು ಆ ಕೆಲಸವನ್ನು ಕಸಿದುಕೊಂಡಿತು. ಹಾಗೆ ಅವರು ಸಮಾಜ ಕಾರ್ಯಕರ್ತೆಯಾದದ್ದು.

ಯೌವನದಲ್ಲಿ ಅವರಿಗೆ ದೇವರಲ್ಲಿ ನಂಬಿಕೆ ಇರಲಿಲ್ಲ. 1945ರ ಬೇಸಿಗೆಯಲ್ಲಿ ಕ್ರೈಸ್ತ ಗೆಳತಿಯರ ಜೊತೆ ಕಾರ್ನ್‌ವಾಲ್‌ಗೆ ರಜೆಗೆ ಹೋದಾಗ ಆ ನಂಬಿಕೆ ಬಂತು. ಬಂದದ್ದು ಕೊನೆಯವರೆಗೂ ಅವರನ್ನು ಬಿಟ್ಟುಹೋಗಲಿಲ್ಲ. ಅಂದಿನಿಂದ ಅವರಿಗಿದ್ದ ಪ್ರಶ್ನೆ ಒಂದೇ: ದೇವರು ನನ್ನಿಂದ ಏನು ಕೆಲಸ ಬಯಸುತ್ತಾನೆ? ಟಾಸ್ಮಾ ತೀರಿಕೊಂಡ ಮೇಲೆ ಉತ್ತರ ಸಿಕ್ಕಿತು. ಸಂಜೆಯ ಹೊತ್ತು ಸೇಂಟ್ ಲ್ಯೂಕ್ಸ್ ಎಂಬ, ಮೆಥಡಿಸ್ಟ್ ಸಭೆಯವರು 1893ರಲ್ಲಿ ಆರಂಭಿಸಿದ್ದ ಮನೆಯಲ್ಲಿ ಸಾಯುತ್ತಿರುವವರ ಸೇವೆಗೆ ನಿಂತರು. ಸಾಯುವವರನ್ನು ತೊರೆದುಹೋಗುವವರು ಡಾಕ್ಟರುಗಳೇ, ಅವರ ಕಿವಿಗೆ ಮಾತು ಬೀಳಬೇಕಾದರೆ ನೀನೂ ಡಾಕ್ಟರಾಗು ಎಂದು ನಾರ್ಮನ್ ಬ್ಯಾರೆಟ್ ಎಂಬ ಸರ್ಜನ್ ಬುದ್ಧಿ ಹೇಳಿದರು. ಮೂವತ್ತು ದಾಟಿದ್ದ ಸಿಸಿಲಿ ಮತ್ತೆ ಕಾಲೇಜಿಗೆ ಸೇರಿ, 1957ರಲ್ಲಿ ಡಾಕ್ಟರಾಗಿ ಹೊರಬಂದರು.

ಮರುವರ್ಷ ಅವರು ಸೇರಿದ್ದು ಲಂಡನ್ನಿನ ಹ್ಯಾಕ್ನಿ ಬಡಾವಣೆಯ ಸೇಂಟ್ ಜೋಸೆಫ್ಸ್ ಹಾಸ್ಪಿಸ್‌ಗೆ. ಐರ್ಲೆಂಡಿನ ಕಥೋಲಿಕ ಸಿಸ್ಟರುಗಳು 1905ರಿಂದ ನಡೆಸುತ್ತಿದ್ದ ಮನೆ ಅದು. ಅದೇ ಸಂಸ್ಥೆಯ ಸಿಸ್ಟರುಗಳು 1879ರಲ್ಲೇ ಡಬ್ಲಿನ್‌ನಲ್ಲಿ ಸಾಯುವವರಿಗಾಗಿ ಮನೆ ತೆರೆದಿದ್ದರು. ಅಂದರೆ ವಾಸಿಯಾಗದವರನ್ನು ಕೈಬಿಡಬಾರದು ಎಂಬ ಕರುಣೆ ಕ್ರೈಸ್ತ ಸಭೆಗಳಲ್ಲಿ ಆಗಲೇ ಹಳೆಯದು. ಸಾಂಡರ್ಸ್ ಆ ಕರುಣೆಗೆ ವಿಜ್ಞಾನದ ಕೈ ಕೊಟ್ಟರು.

ಗಡಿಯಾರ ನೋಡಿ ಕೊಡುವ ಔಷಧ

ಆ ಕಾಲದ ಆಸ್ಪತ್ರೆಗಳಲ್ಲಿ ಮಾರ್ಫಿನ್ ಕೊಡುತ್ತಿರಲಿಲ್ಲ ಎಂದಲ್ಲ. ರೋಗಿ ನೋವು ತಾಳಲಾರದೆ ಕೂಗಿಕೊಂಡ ಮೇಲೆ ಕೊಡುತ್ತಿದ್ದರು. ಔಷಧದ ಬಲ ಇಳಿಯುತ್ತಿದ್ದಂತೆ ನೋವು ಮರಳುತ್ತಿತ್ತು. ರೋಗಿ ಮತ್ತೆ ಕೇಳಬೇಕು, ಕಾಯಬೇಕು, ಚಟ ಹತ್ತಿತೇ ಎಂಬ ಅನುಮಾನದ ಕಣ್ಣಿಗೆ ಬೀಳಬೇಕು. ನೋವು ಇರುವಾಗ ನೋವಿನ ಬಾಧೆ, ಇಲ್ಲದಾಗ ಅದು ಬರುತ್ತದೆಂಬ ಭಯ.

ಸೇಂಟ್ ಲ್ಯೂಕ್ಸ್‌ನ ನರ್ಸುಗಳು ಬೇರೆ ದಾರಿ ಹಿಡಿದಿದ್ದರು. ಸುಮಾರು ನಾಲ್ಕು ಗಂಟೆಗೊಮ್ಮೆ, ಹಿಂದಿನ ಔಷಧದ ಬಲ ಮುಗಿಯುವ ಮೊದಲೇ, ಬಾಯಿಗೆ ಮಾರ್ಫಿನ್ ದ್ರಾವಣ ಕುಡಿಸುತ್ತಿದ್ದರು. ಹಸಿದು ಅಳುವವರೆಗೂ ಕಾಯಿಸದೆ ತಾಯಿ ಹೊತ್ತುಹೊತ್ತಿಗೆ ಮಗುವಿಗೆ ಉಣಿಸುವಂಥ ಕ್ರಮ. ಸಾಂಡರ್ಸ್ ಇದನ್ನು ಸೇಂಟ್ ಜೋಸೆಫ್ಸ್‌ಗೆ ತಂದು, ಏಳು ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ವಿವರ ಬರೆದಿಟ್ಟರು. ಹೀಗೆ ಅಳತೆಯಿಂದ ಕೊಟ್ಟರೆ ನೋವು ತಗ್ಗುತ್ತದೆ, ರೋಗಿಯ ಎಚ್ಚರ ಉಳಿಯುತ್ತದೆ, ಭಯಪಟ್ಟ ಹಾಗೆ ಡೋಸ್ ಕೊನೆಯಿಲ್ಲದೆ ಏರುತ್ತಾ ಹೋಗುವುದಿಲ್ಲ ಎಂದು ತೋರಿಸಿಕೊಟ್ಟರು. ಮುಂದೆ ಸೇಂಟ್ ಕ್ರಿಸ್ಟೋಫರ್ಸ್‌ನಲ್ಲಿ ರಾಬರ್ಟ್ ಟ್ವೈಕ್ರಾಸ್ ಎಂಬ ಡಾಕ್ಟರ್ ಇದೇ ಅಧ್ಯಯನವನ್ನು ಮುಂದುವರಿಸಿದರು.

ಒಬ್ಬ ರೋಗಿ ತನ್ನ ನೋವಿನ ಬಗ್ಗೆ ಹೇಳಿದ ಮಾತು ಸಾಂಡರ್ಸ್‌ಗೆ ಇನ್ನೊಂದು ಬಾಗಿಲು ತೆರೆಯಿತು. ಆಕೆ ಬೆನ್ನಿನಿಂದ ಶುರುಮಾಡಿದವರು ಗಂಡ, ಮಗ, ಅವರು ಕೆಲಸ ಬಿಟ್ಟು ಮನೆಯಲ್ಲಿ ನಿಂತರೆ ಕಳೆದುಕೊಳ್ಳಬೇಕಾದ ಸಂಬಳ, ಜಗತ್ತೇ ತನಗೆ ಎದುರುನಿಂತಂತೆ ಅನ್ನಿಸುವುದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಅದೆಲ್ಲವೂ ಸೇರಿಯೇ ಆಕೆಯ ನೋವು. ಮೈಯದು, ಮನಸ್ಸಿನದು, ಮನೆಯದು, ಆತ್ಮದ್ದು ಎಂದು ನೋವಿಗೆ ನಾಲ್ಕು ಮುಖ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಮದ್ದಿಲ್ಲ. ‘ಸಮಗ್ರ ನೋವು’ ಎಂಬ ಈ ತಿಳಿವಳಿಕೆ 1960ರ ದಶಕದಲ್ಲಿ ಸಾಂಡರ್ಸ್ ಅವರ ಬರಹಗಳಲ್ಲಿ ಮೂಡಿತು. ವಾಸಿಯಾಗದ ಕಾಯಿಲೆಯ ಬಾಧೆ ತಗ್ಗಿಸುವ ಉಪಶಮನ ಆರೈಕೆಯನ್ನು ಇಂದು ಕಲಿಯುವವರ ಮೊದಲ ಪಾಠಗಳಲ್ಲಿ ಇದೂ ಒಂದು.

ಎಚ್ಚರವಾಗಿರಿ ಎಂದ ಯೇಸು

ತಾವು ಕಟ್ಟಲಿದ್ದ ಮನೆ ಯಾವ ನಿರೀಕ್ಷೆಯ ಮೇಲೆ ನಿಲ್ಲಬೇಕು ಎಂಬುದನ್ನು ಸಾಂಡರ್ಸ್ 1965ರ ಒಂದು ಲೇಖನದಲ್ಲಿ ಹೇಳಿದರು. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಶಿಷ್ಯರಲ್ಲಿ ಮಾಡಿಕೊಂಡ ಕೋರಿಕೆಯೇ ಆ ಲೇಖನದ ತಲೆಬರಹ: ನನ್ನೊಂದಿಗೆ ಎಚ್ಚರವಾಗಿರಿ. ಆ ರಾತ್ರಿ ಯೇಸು ಶಿಷ್ಯರಿಂದ ವಿವರಣೆ ಕೇಳಲಿಲ್ಲ, ಸಮಾಧಾನದ ಮಾತು ಕೇಳಲಿಲ್ಲ. ಈ ಪಾತ್ರೆ ನನ್ನಿಂದ ದೂರವಾಗಲಿ ಎಂದು ಬೇಡಿಕೊಂಡದ್ದು ತಂದೆಯಲ್ಲಿ. ಮನುಷ್ಯರಿಂದ ಬಯಸಿದ್ದು ಜೊತೆಯನ್ನು ಮಾತ್ರ. ಪಾತ್ರೆ ದೂರವಾಗಲಿಲ್ಲ. ಜೊತೆಗಿದ್ದವರು ನಿದ್ದೆಹೋದರು.

ಕ್ರೈಸ್ತ ನಿರೀಕ್ಷೆಯನ್ನು ನಾವು ಎಷ್ಟೋ ಸಲ ಬಿಡುಗಡೆಯ ಭರವಸೆಯನ್ನಾಗಿ ಮಾತ್ರ ಓದುತ್ತೇವೆ: ಪ್ರಾರ್ಥಿಸಿದರೆ ಕಾಯಿಲೆ ಹೋಗುತ್ತದೆ, ಹೋಗಲಿಲ್ಲವಾದರೆ ವಿಶ್ವಾಸ ಸಾಲದು. ಸುವಾರ್ತೆ ಹೇಳುವ ಕಥೆ ಅಷ್ಟು ಸಲೀಸಾಗಿಲ್ಲ. ಪುನರುತ್ಥಾನವಾದ ಮೇಲೂ ಯೇಸುವಿನ ಕೈಗಳಲ್ಲಿ ಮೊಳೆಯ ಗಾಯವಿತ್ತು. ಶಿಷ್ಯ ತೋಮನಿಗೆ ಗುರುತು ಸಿಕ್ಕಿದ್ದೇ ಆ ಗಾಯದಿಂದ. ನೋವನ್ನು ಅಳಿಸಿಹಾಕದೆ ಅದರೊಳಗೇ ನಡೆದು ಆಚೆ ದಡ ಮುಟ್ಟಿದ ದೇವರು ಈ ನಂಬಿಕೆಯ ನಡುಮಧ್ಯೆ ಇದ್ದಾನೆ. ಆದ್ದರಿಂದಲೇ ಯಾವ ಕತ್ತಲಿಗೆ ಇಳಿದರೂ ಅಲ್ಲಿ ಒಬ್ಬನು ಮೊದಲೇ ಇದ್ದಾನೆ ಎಂಬ ಧೈರ್ಯ.

ಸಾಂಡರ್ಸ್ ಆ ಧೈರ್ಯವನ್ನು ಮಾತಿನಲ್ಲಿ ಹಂಚುವ ಮೊದಲು ಕೈಯಲ್ಲಿ ಹಂಚಿದರು. ನೋವಿನಿಂದ ಹೊರಳಾಡುವವರ ತಲೆಯ ಬಳಿ ನಿಂತು ಬೈಬಲ್ ಓದುವುದಕ್ಕಿಂತ ಮೊದಲು ಆ ನೋವನ್ನು ಇಳಿಸುವುದು ಅವರ ದೃಷ್ಟಿಯಲ್ಲಿ ಭಕ್ತಿಯ ಕೆಲಸವೇ. ನೋವು ಇಳಿದ ಮೇಲೆ ಮನುಷ್ಯ ತಾನಾಗಿ ಮಾತಾಡುತ್ತಾನೆ, ಅಳುತ್ತಾನೆ, ಮುನಿದವರನ್ನು ಕರೆಸಿಕೊಳ್ಳುತ್ತಾನೆ, ಬೇಕೆನಿಸಿದರೆ ಪ್ರಾರ್ಥಿಸುತ್ತಾನೆ.

ಮನೆಯೊಳಗೆ

1967ರ ಜುಲೈಯಲ್ಲಿ ಬಾಗಿಲು ತೆರೆದ ಸೇಂಟ್ ಕ್ರಿಸ್ಟೋಫರ್ಸ್‌ಗೆ ಪ್ರಯಾಣಿಕರನ್ನು ಕಾಯುವ ಸಂತನ ಹೆಸರು. ಹಾಸಿಗೆಗಳು ಕಿಟಕಿಯ ಬೆಳಕಿಗೆ ಹತ್ತಿರ, ಸುತ್ತ ತೋಟ. ಡಾಕ್ಟರ್ ಬಂದರೆ ನಿಂತು ಚಾರ್ಟ್ ನೋಡಿ ಹೋಗುತ್ತಿರಲಿಲ್ಲ, ರೋಗಿಯ ಕಣ್ಣಿನ ಮಟ್ಟಕ್ಕೆ ಬರುವಂತೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಮಕ್ಕಳು ಮೊಮ್ಮಕ್ಕಳು ಬರಬಹುದಿತ್ತು. ಸಿಬ್ಬಂದಿಯ ಪುಟ್ಟ ಮಕ್ಕಳಿಗೂ ಅಲ್ಲೇ ಆಡುವ ಜಾಗ, ಆದ್ದರಿಂದ ಸಾವಿನ ಮನೆಯೆನ್ನುವ ಕಡೆ ಮಕ್ಕಳ ಗದ್ದಲವಿತ್ತು. ವಾರದಲ್ಲಿ ಒಂದು ದಿನ ಬಂಧುಗಳ ಭೇಟಿಗೆ ಬಿಡುವು ಇರುತ್ತಿತ್ತು: ನೋಡಿಕೊಳ್ಳುವವರು ಅಪರಾಧಿಭಾವವಿಲ್ಲದೆ ಒಂದು ದಿನ ಸುಧಾರಿಸಿಕೊಳ್ಳಲಿ ಎಂದು. 1969ರಿಂದ ನರ್ಸುಗಳು ರೋಗಿಗಳ ಮನೆಗೇ ಹೋಗಿ ನೋಡತೊಡಗಿದರು. ಮನೆಯಲ್ಲೇ ಕಣ್ಣುಮುಚ್ಚಬೇಕೆಂಬ ಆಸೆಯುಳ್ಳವರಿಗೆ ಅದು ದೊಡ್ಡ ಆಸರೆ.

ಚಾಪೆಲ್‌ನಲ್ಲಿ ಪ್ರಾರ್ಥನೆ ನಡೆಯುತ್ತಿತ್ತು. ಗೋಡೆಗಳ ಮೇಲೆ ಪೋಲೆಂಡಿನ ಕಲಾವಿದ ಮರಿಯನ್ ಬೊಹುಷ್ ಷಿಷ್ಕೊ ಅವರ ಚಿತ್ರಗಳು. 1963ರಲ್ಲಿ ಲಂಡನ್ನಿನ ಗ್ಯಾಲರಿಯೊಂದರಲ್ಲಿ ಬಿರುಗಾಳಿಯ ಕಡಲನ್ನು ಯೇಸು ಶಾಂತಗೊಳಿಸುವ ಅವರ ಚಿತ್ರ ಕಂಡು ಸಾಂಡರ್ಸ್ ಕೊಂಡುಕೊಂಡಿದ್ದರು. 1980ರಲ್ಲಿ ಇಬ್ಬರೂ ಮದುವೆಯಾದರು.

ಆರಂಭದ ಯೋಚನೆಗಳಲ್ಲಿ ಇದನ್ನು ಒಂದು ಆಂಗ್ಲಿಕನ್ ಧಾರ್ಮಿಕ ಸಮುದಾಯವಾಗಿ ಕಟ್ಟುವ ಮಾತೂ ಇತ್ತು. ಚರ್ಚೆಯ ನಂತರ ಸಾಂಡರ್ಸ್ ಬುನಾದಿಯನ್ನು ಕ್ರೈಸ್ತವಾಗಿಯೇ ಇಟ್ಟು, ಬಾಗಿಲನ್ನು ಎಲ್ಲರಿಗೂ ತೆರೆದರು. ನಂಬುವವರು, ನಂಬದವರು, ಬೇರೆ ಧರ್ಮದವರು, ರೋಗಿಗಳಲ್ಲೂ ಇದ್ದರು, ಸಿಬ್ಬಂದಿಯಲ್ಲೂ ಇದ್ದರು. ಈ ಪಾಠವೂ ಟಾಸ್ಮಾ ಅವರದೇ. ನನಗೆ ಏನಾದರೂ ಸಾಂತ್ವನ ಹೇಳಿ ಎಂದು ಅವರು ಕೇಳಿದಾಗ ಸಿಸಿಲಿ ಬಾಯಿಪಾಠವಿದ್ದ ಕೀರ್ತನೆಯೊಂದನ್ನು ಹೇಳಿ, ಮುಂದಿನದನ್ನು ಪುಸ್ತಕ ನೋಡಿ ಓದಲೇ ಎಂದಿದ್ದರು. ಟಾಸ್ಮಾ ಬೇಡವೆಂದರು, ನಿಮ್ಮ ಬುದ್ಧಿಯಲ್ಲಿ, ನಿಮ್ಮ ಹೃದಯದಲ್ಲಿ ಇರುವುದಷ್ಟೇ ಸಾಕು ಎಂದರು. ಕೊನೆಗೆ ಆ ಯಹೂದಿ ತನ್ನ ಪಿತೃಗಳ ದೇವರೊಂದಿಗೇ ರಾಜಿಯಾಗಿ ಹೋದರು. ಸಿಸಿಲಿ ಅದನ್ನು ತಮ್ಮ ಸೋಲೆಂದು ಎಣಿಸಲಿಲ್ಲ. ಸಾಯುವವರ ಅಸಹಾಯಕತೆಯನ್ನು ಮತಕ್ಕೆ ಸೆಳೆಯುವ ಅವಕಾಶ ಮಾಡಿಕೊಳ್ಳಬಾರದು ಎಂಬ ಮರ್ಯಾದೆ ಹೀಗೆ ಮೊದಲ ದಿನದಿಂದಲೇ ಬಂತು.

ಸಿಡನ್‌ಹ್ಯಾಮ್‌ನಿಂದ ಮಾರತ್‌ಹಳ್ಳಿಗೆ

ಈ ಮನೆಯ ಪಾಠ ದೇಶ ದಾಟಿತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಫ್ಲಾರೆನ್ಸ್ ವಾಲ್ಡ್, ಕೆನಡಾದ ಬಾಲ್ಫರ್ ಮೌಂಟ್ ಇಲ್ಲಿ ಕಲಿತು ತಮ್ಮ ದೇಶಗಳಲ್ಲಿ ಕೆಲಸ ಆರಂಭಿಸಿದರು. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿಗೆ ಹೊರಡಿಸಿದ ಮಾರ್ಗಸೂಚಿ, ಔಷಧವನ್ನು ಬಾಯಿಯ ಮೂಲಕ, ಗಡಿಯಾರದ ಪ್ರಕಾರ ಕೊಡಿ ಎಂದಿತು. 1987ರಲ್ಲಿ ಬ್ರಿಟನ್ ಉಪಶಮನ ಆರೈಕೆಯನ್ನು ಪ್ರತ್ಯೇಕ ವೈದ್ಯಶಾಖೆಯೆಂದು ಒಪ್ಪಿತು.

ಭಾರತದ ಮೊದಲ ಹಾಸ್ಪಿಸ್ ‘ಶಾಂತಿ ಅವೇದನಾ’ 1986ರಲ್ಲಿ ಮುಂಬೈಯ ಬಾಂದ್ರಾದಲ್ಲಿ ತೆರೆಯಿತು. 1993ರಲ್ಲಿ ಕೋಯಿಕ್ಕೋಡಿನಲ್ಲಿ ಶುರುವಾದ ಪುಟ್ಟ ಕ್ಲಿನಿಕ್, ಊರಿನವರೇ ರೋಗಿಯ ಮನೆಗೆ ಹೋಗಿ ನೋಡಿಕೊಳ್ಳುವ ಕೇರಳದ ಪದ್ಧತಿಗೆ ನಾಂದಿಯಾಯಿತು. ನಮ್ಮ ಬೆಂಗಳೂರಿನಲ್ಲಿ 1994ರಲ್ಲಿ ಹುಟ್ಟಿದ ಹಾಸ್ಪಿಸ್ ಟ್ರಸ್ಟ್‌ನ ‘ಕರುಣಾಶ್ರಯ’ 1999ರಿಂದ ಮಾರತ್‌ಹಳ್ಳಿಯ ಬಳಿ ಕ್ಯಾನ್ಸರ್ ರೋಗಿಗಳನ್ನು ಒಂದು ಕಾಸೂ ಪಡೆಯದೆ ನೋಡಿಕೊಳ್ಳುತ್ತಿದೆ. ಅದು ಯಾವ ಧರ್ಮಕ್ಕೂ ಸೇರಿದ ಸಂಸ್ಥೆಯಲ್ಲ. ಒಂದು ನಂಬಿಕೆಯ ಮಣ್ಣಿನಲ್ಲಿ ಬೆಳೆದದ್ದು ಎಲ್ಲರ ಸೊತ್ತಾಗಿದೆ ಎನ್ನುವುದಕ್ಕೆ ಅದೇ ಸಾಕ್ಷಿ.

ಮಾರ್ಫಿನ್ ತಯಾರಾಗುವ ಅಫೀಮನ್ನು ಕಾನೂನಿನ ಪ್ರಕಾರವೇ ಬೆಳೆದು ಹೊರದೇಶಕ್ಕೂ ಕಳಿಸುವ ನಾಡು ನಮ್ಮದು. ಆದರೆ 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ ನಮ್ಮ ರೋಗಿಗಳಿಗೇ ಮಾರ್ಫಿನ್ ಸಿಗುವುದು ದುಸ್ತರವಾಗಿತ್ತು. 2014ರ ತಿದ್ದುಪಡಿ ಆ ಗಂಟನ್ನು ಸಡಿಲಿಸಿತು. ಆದರೂ ನೋವಿನ ಮದ್ದು ಜಿಲ್ಲೆ ತಾಲ್ಲೂಕುಗಳವರೆಗೆ ತಲುಪಲು ಇನ್ನೂ ದೂರವಿದೆ.

ಹೆಗಲು ಕೊಡುವ ಸಭೆ

ಕ್ರೈಸ್ತ ಸಭೆಗಳಿಗೆ ಈ ಮನೆಯ ಕಥೆಯಲ್ಲಿ ಒಂದು ಪ್ರಶ್ನೆಯಿದೆ. ಕಾಯಿಲೆ ಬಿದ್ದವರ ಮನೆಗೆ ಹೋಗಿ ನಾವು ಸುಲಭವಾಗಿ ಹೇಳಿಬಿಡುತ್ತೇವೆ: ದೇವರ ಚಿತ್ತ, ನಿಮ್ಮ ಪಾಲಿನ ಶಿಲುಬೆ, ಹೊರಬೇಕು. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರೂ ಹೀಗೆ ಮಾತಾಡಿ ಅವನ ಗಾಯಕ್ಕೆ ಉಪ್ಪು ಸುರಿದರು. ಆದರೆ ಬಾಯಿ ತೆರೆಯುವ ಮೊದಲು ಅವರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕುಳಿತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಶಿಲುಬೆ ಹೊತ್ತು ಕುಸಿದ ಯೇಸುವಿಗೆ ಕುರೇನ್ಯದ ಸೀಮೋನ ಉಪದೇಶ ಮಾಡಲಿಲ್ಲ, ಹೆಗಲು ಕೊಟ್ಟ.

ಹೆಗಲು ಕೊಡುವ ಕೆಲಸಕ್ಕೆ ಹಾಸ್ಪಿಸ್ ಕಟ್ಟಲೇಬೇಕೆಂದಿಲ್ಲ. ಭಾನುವಾರದ ಆರಾಧನೆ ಮುಗಿದ ಮೇಲೆ ಹಾಸಿಗೆ ಹಿಡಿದವರ ಮನೆಗೆ ಸರದಿಯ ಮೇಲೆ ಹೋಗಬಹುದು. ಹಗಲಿರುಳು ನೋಡಿಕೊಂಡು ಬಳಲಿದ ಸೊಸೆಗೋ ಮಗಳಿಗೋ ಒಂದು ಮಧ್ಯಾಹ್ನ ನಿದ್ದೆ ಮಾಡಲು ಬಿಡಬಹುದು. ನೋವು ಎಷ್ಟಿದೆ ಎಂದು ರೋಗಿಯನ್ನೇ ಕೇಳಿ, ಉಪಶಮನ ಆರೈಕೆಯ ಡಾಕ್ಟರ್ ಹತ್ತಿರ ಎಲ್ಲಿದ್ದಾರೆ ಎಂದು ವಿಚಾರಿಸಿ ಕೊಡಬಹುದು. ಮಂಗಳೂರಿನ ಕಂಕನಾಡಿಯಲ್ಲಿ ಕುಷ್ಠರೋಗಿಗಳನ್ನು ಊರೇ ದೂರವಿಟ್ಟ ಕಾಲದಲ್ಲಿ ಅವರಿಗೆ ಸೂರು ಕೊಟ್ಟ ಫಾದರ್ ಮುಲ್ಲರ್ ಸೇವೆ ಮಾಡಿದ ನಾಡಿನವರಿಗೆ ಇದು ಹೊಸ ದಾರಿಯೂ ಅಲ್ಲ.

ಸಿಸಿಲಿ ಸಾಂಡರ್ಸ್ 2005ರ ಜುಲೈ 14ರಂದು, 87ನೆಯ ವಯಸ್ಸಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಕೊನೆಯ ದಿನಗಳಲ್ಲಿ ಅವರನ್ನು ನೋಡಿಕೊಂಡದ್ದು ತಾವೇ ಕಟ್ಟಿದ ಮನೆಯವರು, ತಾವೇ ಕಲಿಸಿದ ರೀತಿಯಲ್ಲಿ. ದುಃಖಕ್ಕೆ ಕಾರಣವೇನು ಎಂಬ ಪ್ರಶ್ನೆಗೆ ಅವರು ಉತ್ತರ ಬಿಟ್ಟುಹೋಗಲಿಲ್ಲ. ದುಃಖದಲ್ಲಿರುವವರನ್ನು ಒಂಟಿಯಾಗಿ ಬಿಡದಿರುವುದು ಹೇಗೆ ಎಂಬುದನ್ನು, ಡೋಸ್‌ನ ಲೆಕ್ಕದವರೆಗೆ, ಕಲಿಸಿ ಹೋದರು. ದೇವರು ನಮ್ಮೊಡನಿದ್ದಾನೆ ಎಂಬ ಕ್ರೈಸ್ತ ಸಾರೋಣವನ್ನು ನೋವಿನಲ್ಲಿರುವ ಮನುಷ್ಯ ನಂಬಬೇಕಾದರೆ, ಆ ದೇವರ ಹೆಸರು ಹೇಳುವವರು ಮೊದಲು ಅವನ ಪಕ್ಕದಲ್ಲಿರಬೇಕು.